ಹಿಮ ಖಚಿತ ಎಂದು ಹಣ ಪಡೆಯುವವರಿಗೆ: ಬೆಂಗಳೂರಿನ ಪ್ರವಾಸ ಸಂಸ್ಥೆಗಳಿಗೆ ಒಂದು ಬಹಿರಂಗ ಪತ್ರ

ಗೆ,
ಬೆಂಗಳೂರಿನಿಂದ ಔಲಿ, ಗುಲ್ಮಾರ್ಗ್, ಮನಾಲಿ ಕಡೆಗೆ ಸ್ಕೀ ಪ್ಯಾಕೇಜ್ ಮಾರುವ ಎಲ್ಲ ಪ್ರವಾಸ ಸಂಸ್ಥೆಗಳ ಮಾಲೀಕರು ಮತ್ತು ವ್ಯವಸ್ಥಾಪಕರಿಗೆ

ಮಾನ್ಯರೇ,

ನಮಸ್ಕಾರ. ನಾನು ಬಸವನಗುಡಿಯ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕಿ. ಮೊನ್ನೆ ನಿಮ್ಮ ಪೈಕಿ ಒಂದು ಸಂಸ್ಥೆಯ ಪ್ರತಿನಿಧಿ ನಮ್ಮ ಶಾಲೆಗೆ ಬಂದಿದ್ದರು. ಕ್ರಿಸ್‌ಮಸ್ ರಜೆಯಲ್ಲಿ ಒಂಬತ್ತನೇ ತರಗತಿಯ ಮಕ್ಕಳನ್ನು ಉತ್ತರಾಖಂಡದ ಔಲಿಗೆ ಕರೆದುಕೊಂಡು ಹೋಗಿ ಸ್ಕೀ, ಅಂದರೆ ಕಾಲಿಗೆ ಉದ್ದ ಹಲಗೆ ಸಿಕ್ಕಿಸಿಕೊಂಡು ಹಿಮದ ಮೇಲೆ ಜಾರುವುದನ್ನು ಕಲಿಸುತ್ತೇವೆ ಎಂದರು. ಕೈಗೆ ಕೊಟ್ಟ ಬ್ರೋಷರ್‌ನಲ್ಲಿ ಮೂರು ಭರವಸೆಗಳು ದೊಡ್ಡ ಅಕ್ಷರದಲ್ಲಿದ್ದವು. ಬೆಟ್ಟದ ಕೆಳಗಿನ ಜೋಶಿಮಠ ಊರಿನಿಂದ ಔಲಿಗೆ ರೋಪ್‌ವೇ (ತಂತಿಗೆ ತೂಗುತ್ತ ಸಾಗುವ ಮುಚ್ಚಿದ ಕ್ಯಾಬಿನ್) ಪ್ರಯಾಣ. ಖಚಿತ ಹಿಮ. ಪರಿಣತರಿಂದ ಸ್ಕೀ ತರಬೇತಿ.

ರೋಪ್‌ವೇ ಈಗ ಓಡುತ್ತಿದೆಯಾ ಎಂದು ಕೇಳಿದೆ. ಅವರಿಗೆ ಗೊತ್ತಿರಲಿಲ್ಲ. ಡಿಸೆಂಬರ್ ಕೊನೆಯಲ್ಲಿ ಹಿಮ ಇಲ್ಲದಿದ್ದರೆ ಏನು ಮಾಡುತ್ತೀರಿ ಎಂದು ಕೇಳಿದೆ. 'ಇದ್ದೇ ಇರುತ್ತೆ ಮೇಡಂ' ಎಂದರು. ಎಷ್ಟು ಮಕ್ಕಳಿಗೆ ಒಬ್ಬ ತರಬೇತುದಾರ ಎಂದೆ. ಅದನ್ನು ಅಲ್ಲಿಯವರು ನೋಡಿಕೊಳ್ಳುತ್ತಾರೆ ಎಂದರು. ಆ ಹುಡುಗನ ಮೇಲೆ ನನಗೆ ಕೋಪ ಇಲ್ಲ. ಬ್ಯಾಗಿನ ತುಂಬ ಬ್ರೋಷರ್ ತುಂಬಿ ಕಳಿಸಿದವರು ಅವನಿಗೆ ಹೇಳಿಕೊಟ್ಟಿದ್ದೇ ಅಷ್ಟು.

ಕಳೆದ ಚಳಿಗಾಲ, ಸಂಕ್ರಾಂತಿ ಕಳೆದ ಮೇಲೆ, ಇದೇ ಮೂರು ಭರವಸೆ ನಂಬಿ ನಾನು ಮತ್ತು ನನ್ನ ಅಕ್ಕನ ಮನೆಯವರು ಬೆಂಗಳೂರಿನ ಇನ್ನೊಂದು ಸಂಸ್ಥೆಯ ಮೂಲಕ ಔಲಿಗೆ ಹೋಗಿದ್ದೆವು. ಮೂರರಲ್ಲಿ ಒಂದೂ ಸಿಗಲಿಲ್ಲ. ಅಕ್ಕನ ಮಗ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ವಾಪಸ್ ಬಂದ. ಅದರ ಬಗ್ಗೆ ಆ ಸಂಸ್ಥೆಗೆ ಮೇಲ್ ಬರೆದೆ, ಫೋನ್ ಮಾಡಿದೆ, ಕಚೇರಿಗೂ ಹೋಗಿ ಕೂತೆ. ಸಿಕ್ಕಿದ್ದು ಒಂದೇ ಉತ್ತರ: ಪ್ರಕೃತಿಗೆ ನಾವು ಹೊಣೆಯಲ್ಲ. ಆ ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬೇರೆ ಬೇರೆ ಸಂಸ್ಥೆಗಳ ಮೂಲಕ ಹೋಗಿಬಂದ ನನ್ನ ಸಹೋದ್ಯೋಗಿಗಳು, ನೆರೆಮನೆಯವರು ಹೇಳುವ ಕತೆಯೂ ಹೆಚ್ಚು ಕಡಿಮೆ ಇದೇ ಆಗಿರುವಾಗ ಒಬ್ಬರನ್ನು ಎತ್ತಿ ತೋರಿಸಿದರೆ ಉಳಿದವರು ತಪ್ಪಿಸಿಕೊಳ್ಳುತ್ತೀರಿ. ಆದ್ದರಿಂದ ಈ ಪತ್ರ ನಿಮ್ಮೆಲ್ಲರಿಗೂ.

ಮೊದಲು ಒಂದು ಮಾತು ಸ್ಪಷ್ಟಪಡಿಸುತ್ತೇನೆ. ಔಲಿ ಚೆಂದದ ಜಾಗ. ಅದರ ಮೇಲೆ ನನ್ನ ದೂರಿಲ್ಲ. ಚಮೋಲಿ ಜಿಲ್ಲೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 2,500 ಮೀಟರ್‌ನಿಂದ 3,000 ಮೀಟರ್ ಎತ್ತರದವರೆಗೆ ಹರಡಿರುವ ಹುಲ್ಲುಗಾವಲು ಅದು. ಚಳಿಗಾಲದಲ್ಲಿ ಅದೇ ಸ್ಕೀ ಇಳಿಜಾರು. ಎದುರಿಗೆ 7,816 ಮೀಟರ್ ಎತ್ತರದ ನಂದಾದೇವಿ. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ ಸ್ಪರ್ಧೆಗೆ ಒಪ್ಪಿದ ಇಳಿಜಾರು ಅಲ್ಲಿದೆ. ಇಂಡೋ ಟಿಬೆಟನ್ ಗಡಿ ಪೊಲೀಸರ ಪರ್ವತಾರೋಹಣ ಮತ್ತು ಸ್ಕೀಯಿಂಗ್ ಸಂಸ್ಥೆಯೂ ಅಲ್ಲೇ ಇದೆ. 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟದ ಸ್ಕೀ ಸ್ಪರ್ಧೆಗಳು ಅಲ್ಲೇ ನಡೆದವು. ಹಾಗಂತ ಅದು ಯುರೋಪಿನ ದೊಡ್ಡ ಸ್ಕೀ ಊರುಗಳಂಥದ್ದಲ್ಲ. ಒಂದು ಮುಖ್ಯ ಇಳಿಜಾರು, ಒಂದು ರೋಪ್‌ವೇ, ಸುಮಾರು 800 ಮೀಟರ್ ಉದ್ದದ ಒಂದು ಚೇರ್‌ಲಿಫ್ಟ್ (ತಂತಿಗೆ ತೂಗುವ ತೆರೆದ ಕುರ್ಚಿಗಳ ಸಾಲು), ಒಂದು ಕೃತಕ ಕೆರೆ, ಸಾಮಾನು ಬಾಡಿಗೆಗೆ ಕೊಡುವ ಅಂಗಡಿಗಳು. ಇಷ್ಟರಲ್ಲಿ ಒಂದು ಕೆಟ್ಟರೂ ಇಡೀ ಪ್ರವಾಸ ಕೆಡುತ್ತದೆ. ನೂರು ಇಳಿಜಾರು ಇರುವ ಕಡೆ ಒಂದು ಮುಚ್ಚಿದರೆ ಇನ್ನೊಂದಕ್ಕೆ ಹೋಗಬಹುದು. ಇಲ್ಲಿ ಹಾಗಾಗುವುದಿಲ್ಲ. ಆದ್ದರಿಂದಲೇ ಏನು ನಡೆಯುತ್ತಿದೆ, ಏನು ನಿಂತಿದೆ ಎಂದು ದುಡ್ಡು ತೆಗೆದುಕೊಳ್ಳುವ ಮೊದಲೇ ಹೇಳಬೇಕು. ನನ್ನ ಇಡೀ ದೂರು ಇದೊಂದೇ. ಉಳಿದದ್ದೆಲ್ಲ ಅದರ ವಿವರ.

ರೋಪ್‌ವೇ ವಿಷಯ ತೆಗೆದುಕೊಳ್ಳಿ. ಜೋಶಿಮಠದಿಂದ ಔಲಿಗೆ ಸುಮಾರು 4 ಕಿಲೋಮೀಟರ್ ಉದ್ದದ ಈ ರೋಪ್‌ವೇ 1990ರ ದಶಕದಿಂದ ಓಡುತ್ತಿತ್ತು. ಸಾವಿರ ಮೀಟರ್‌ಗಿಂತ ಜಾಸ್ತಿ ಎತ್ತರವನ್ನು ಅರ್ಧ ಗಂಟೆಯೊಳಗೆ ಏರಿಸುತ್ತಿತ್ತು. 2022ರ ಡಿಸೆಂಬರ್ ಕೊನೆ, 2023ರ ಜನವರಿಯಲ್ಲಿ ಜೋಶಿಮಠದ ನೆಲ ವೇಗವಾಗಿ ಕುಸಿಯಿತು. ಮನೆಗಳ ಗೋಡೆ ಬಿರುಕು ಬಿಟ್ಟವು. ರೋಪ್‌ವೇ ನಿಲ್ದಾಣದ ಹತ್ತಿರವೂ ಬಿರುಕು ಕಂಡಿತು, ಸೇವೆ ನಿಲ್ಲಿಸಿದರು. ನಿಲ್ಲಿಸಿದ್ದು ಸರಿಯಾದ ನಿರ್ಧಾರ. ನೆಲ ಜಾರುವಾಗ ಅದರ ಮೇಲಿನ ಕಂಬಗಳನ್ನು ನಂಬಿ ಜನರನ್ನು ತೂಗಿಬಿಡಲು ಆಗುವುದಿಲ್ಲ.

ಈ ಸುದ್ದಿ ದೇಶದ ಎಲ್ಲ ಪತ್ರಿಕೆಗಳಲ್ಲಿ ಬಂತು. ನಾವು ಹೋದಾಗಲೂ ರೋಪ್‌ವೇ ನಿಂತೇ ಇತ್ತು. ನಮ್ಮ ಕೈಯಲ್ಲಿದ್ದ ಕಾಗದದಲ್ಲಿ ಮಾತ್ರ ಎರಡನೇ ದಿನದ ಎದುರು 'ರೋಪ್‌ವೇ ಮೂಲಕ ಔಲಿಗೆ' ಎಂದು ಅಚ್ಚಾಗಿತ್ತು. ಜೋಶಿಮಠದಲ್ಲಿ ಬೆಳಿಗ್ಗೆ ತಿಂಡಿ ಮುಗಿದ ಮೇಲೆ ನಮ್ಮ ಟೂರ್ ಮ್ಯಾನೇಜರ್ ಬಂದು ಜೀಪ್‌ನಲ್ಲಿ ಹೋಗಬೇಕು, ಚಕ್ರಕ್ಕೆ ಸರಪಳಿ ಕಟ್ಟಿದ ಗಾಡಿ ಬೇಕು, ಅದಕ್ಕೆ ಬೇರೆ ಹಣ ಕೊಡಬೇಕು ಎಂದರು. ರೋಪ್‌ವೇ ಎಲ್ಲಿ ಎಂದು ನನ್ನ ಭಾವ ಕೇಳಿದರು. ಮೇಲೆ ಹೋದ ಮೇಲೆ ಚೇರ್‌ಲಿಫ್ಟ್ ತೋರಿಸಿ, ಇದೇ ರೋಪ್‌ವೇ ಸಾರ್ ಎಂದರು. ಎರಡೂ ಬೇರೆ ಬೇರೆ ಎಂದು ಅವರಿಗೆ ಗೊತ್ತಿತ್ತು. ನಮಗೆ ಗೊತ್ತಿರಲಿಕ್ಕಿಲ್ಲ ಎಂದುಕೊಂಡರು. ವರ್ಷಕ್ಕೊಮ್ಮೆ ರಜೆ ಸಿಗುವ ಸಂಬಳದ ಜನ, ವಯಸ್ಸಾದ ತಂದೆತಾಯಿಯನ್ನು ಹೊರಡಿಸಿಕೊಂಡು ಅಷ್ಟು ದೂರ ಬಂದಿರುತ್ತಾರೆ. ಅವರ ಮುಖ ನೋಡಿ ಹೀಗೆ ಹೇಳಲು ಹೇಗೆ ಮನಸ್ಸು ಬರುತ್ತದೆ?

ಇನ್ನು ಹಿಮ. ಹಿಮ ಬೀಳಿಸುವುದು ಯಾರ ಕೈಯಲ್ಲೂ ಇಲ್ಲ, ಒಪ್ಪುತ್ತೇನೆ. ಆದರೆ ಯಾವಾಗ ಬೀಳುವ ಸಾಧ್ಯತೆ ಜಾಸ್ತಿ, ಯಾವಾಗ ಕಡಿಮೆ ಎಂಬುದು ಗುಟ್ಟಲ್ಲ. ಪಶ್ಚಿಮದಿಂದ ಬರುವ ವೆಸ್ಟರ್ನ್ ಡಿಸ್ಟರ್ಬೆನ್ಸ್ ಎಂಬ ಹವಾಮಾನ ವ್ಯವಸ್ಥೆಗಳು ಹಿಮಾಲಯಕ್ಕೆ ಚಳಿಗಾಲದ ಹಿಮ ತರುತ್ತವೆ. ಅವು ಬಲವಾಗಿ ಬಂದ ವರ್ಷ ಹಿಮ, ಬರದ ವರ್ಷ ಬರೀ ಹುಲ್ಲು. ಔಲಿಯಲ್ಲಿ ಸಾಮಾನ್ಯವಾಗಿ ಸ್ಕೀ ಮಾಡುವಷ್ಟು ಹಿಮ ಕೂರುವುದು ಜನವರಿಯಿಂದ ಮಾರ್ಚ್ ಶುರುವಿನ ತನಕ. ನೀವು ಜಾಸ್ತಿ ಸೀಟು ಮಾರುವುದು ಡಿಸೆಂಬರ್ ಕೊನೆಯ ವಾರಕ್ಕೆ. ಯಾಕೆಂದರೆ ಬೆಂಗಳೂರಿನ ಶಾಲೆಗಳಿಗೆ, ಸಾಫ್ಟ್‌ವೇರ್ ಕಂಪನಿಗಳಿಗೆ ಆಗ ರಜೆ. ನಿಮ್ಮ ಕ್ಯಾಲೆಂಡರ್ ನಮ್ಮ ರಜೆ ನೋಡಿ ತಯಾರಾಗುತ್ತದೆ, ಅಲ್ಲಿನ ಹಿಮ ನೋಡಿ ಅಲ್ಲ. ವ್ಯಾಪಾರಕ್ಕೆ ಅದು ಸರಿ ಇರಬಹುದು. ಹಾಗಾದರೆ ಬ್ರೋಷರ್‌ನಿಂದ 'ಖಚಿತ' ಎಂಬ ಪದ ತೆಗೆಯಿರಿ.

2023ರ ಫೆಬ್ರುವರಿಯಲ್ಲಿ ಔಲಿಯಲ್ಲಿ ನಡೆಯಬೇಕಿದ್ದ ರಾಷ್ಟ್ರಮಟ್ಟದ ಸ್ಕೀ ಸ್ಪರ್ಧೆಯೇ ಹಿಮ ಸಾಲದೆ ರದ್ದಾಯಿತು. 2024ರ ಜನವರಿಯಲ್ಲಿ ಗುಲ್ಮಾರ್ಗ್ ಇಳಿಜಾರುಗಳು ಬೋಳಾಗಿ ನಿಂತಿದ್ದ ಫೋಟೋಗಳನ್ನು ನಾವೆಲ್ಲ ನೋಡಿದ್ದೇವೆ. 2025ರಲ್ಲಿ ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟ ಫೆಬ್ರುವರಿ 22ಕ್ಕೆ ಶುರುವಾಗಬೇಕಿತ್ತು. ಹಿಮ ಇಲ್ಲ ಎಂದು ಮುಂದೆ ಹಾಕಿ ಮಾರ್ಚ್ 9ರಿಂದ ನಡೆಸಿದರು. ಸರ್ಕಾರವೇ ದಿನಾಂಕ ಬದಲಿಸುತ್ತದೆ. ನಿಮ್ಮ ಪ್ಯಾಕೇಜ್ ಮಾತ್ರ ಬದಲಾಗುವುದಿಲ್ಲ, ಅಡ್ವಾನ್ಸ್ ವಾಪಸ್ ಬರುವುದಿಲ್ಲ.

ಔಲಿಯಲ್ಲಿ ಕೃತಕ ಹಿಮ ಇದೆ, ಚಿಂತೆ ಬೇಡ ಎಂದು ಕೆಲವರು ಹೇಳುತ್ತೀರಿ. 2011ರ ಕ್ರೀಡಾಕೂಟಕ್ಕೆ ಹಿಮ ಮಾಡುವ ಯಂತ್ರಗಳನ್ನು ತರಿಸಿದ್ದು ನಿಜ. ಅವಕ್ಕೆ ನೀರು ಕೊಡಲೆಂದೇ ಮೇಲೆ ಕೆರೆ ಇದೆ. ಆದರೆ ಆ ಯಂತ್ರ ಗುಂಡಿ ಒತ್ತಿದ ಕೂಡಲೇ ಹಿಮ ಉಗುಳುವಂಥದ್ದಲ್ಲ. ಉಷ್ಣಾಂಶ ಮೈನಸ್ 2 ಡಿಗ್ರಿ ಆಸುಪಾಸಿಗೆ ಅಥವಾ ಅದಕ್ಕಿಂತ ಕೆಳಗೆ ಇಳಿಯಬೇಕು. ಗಾಳಿ ಒಣಗಿರಬೇಕು. ನೀರು, ಕರೆಂಟು, ಯಂತ್ರ ನೋಡಿಕೊಳ್ಳುವ ಜನ ಎಲ್ಲ ಬೇಕು. ಬೆಚ್ಚಗಿನ ರಾತ್ರಿಗಳಲ್ಲಿ ಯಂತ್ರ ಚೆನ್ನಾಗಿದ್ದರೂ ಹಿಮ ಆಗುವುದಿಲ್ಲ. ಬಿದ್ದ ಹಿಮವನ್ನು ಯಂತ್ರದಿಂದ ಒತ್ತಿ ಸಮ ಮಾಡದಿದ್ದರೆ ಅದರ ಮೇಲೆ ಹೊಸಬರು ಸ್ಕೀ ಮಾಡಲೂ ಆಗುವುದಿಲ್ಲ. ಹಗಲು ಕರಗಿ ರಾತ್ರಿ ಗಟ್ಟಿಯಾದ ಹಿಮ ಬೆಳಿಗ್ಗೆ ಗಾಜಾಗಿರುತ್ತದೆ. ಇದನ್ನೆಲ್ಲ ತಿಳಿದುಕೊಳ್ಳದೆ 'ಕೃತಕ ಹಿಮ ಇದೆ' ಎಂದು ಸುಮ್ನೆ ಹೇಳಬೇಡಿ.

ನಾವು ಹೋದಾಗ ಮುಖ್ಯ ಇಳಿಜಾರಿನಲ್ಲಿ ಹಿಮ ತೇಪೆ ತೇಪೆಯಾಗಿ ಇತ್ತು. ನಡುನಡುವೆ ಕಂದು ಹುಲ್ಲು, ಕಲ್ಲು. ಆಗ ನಮ್ಮ ಟೂರ್ ಮ್ಯಾನೇಜರ್, ಬಿಸಿಲು ಬೀಳದ ಒಂದು ಕೊರಕಲಿನಲ್ಲಿ ಹಿಮ ಇದೆ, ಅಲ್ಲಿ ಸ್ಕೀ ಮಾಡಿಸೋಣ ಎಂದು ಗುರುತು ಹಾಕಿದ ಜಾಗದಿಂದ ಆಚೆ ಕರೆದುಕೊಂಡು ಹೋದರು. ಅಲ್ಲಿ ಬೇಲಿ ಇರಲಿಲ್ಲ, ಬಲೆ ಇರಲಿಲ್ಲ, ಕೆಳಗೆ ಬಂಡೆಗಳಿದ್ದವು. ಗುರುತಿನ ಆಚೆ ಹೋಗುವುದು ಎಷ್ಟು ಗಂಭೀರ ವಿಷಯ ಎಂದು ಗುಲ್ಮಾರ್ಗ್ ನಮಗೆ ಹೇಳಿಕೊಟ್ಟಿದೆ. 2023ರ ಫೆಬ್ರುವರಿ 1ರಂದು ಅಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಪೋಲೆಂಡ್‌ನ ಇಬ್ಬರು ಸತ್ತರು. ಅವರು ಸ್ಕೀ ಬಲ್ಲವರು. ನಾವು ಜೀವನದಲ್ಲಿ ಮೊದಲ ಸಲ ಹಿಮ ಮುಟ್ಟುತ್ತಿದ್ದ ಬೆಂಗಳೂರಿನವರು. ಔಲಿಯ ಆ ಕೊರಕಲು ಅಷ್ಟು ಅಪಾಯದ್ದಲ್ಲದಿರಬಹುದು. ಅದನ್ನು ತೀರ್ಮಾನಿಸಬೇಕಾದವರು ಆ ಬೆಟ್ಟ ಬಲ್ಲವರು. ದಿನದ ಕಾರ್ಯಕ್ರಮ ಮುಗಿಸಿ ಫೋಟೋ ಕಳಿಸಬೇಕಾದ ಟೂರ್ ಮ್ಯಾನೇಜರ್ ಅಲ್ಲ.

ಈಗ ಸಾಮಾನಿನ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಯಾಕೆಂದರೆ ಮಕ್ಕಳ ಕಾಲು ಮುರಿಯುವುದು ಇಲ್ಲೇ.

ಸ್ಕೀ ಬೂಟು ಗಟ್ಟಿ ಪ್ಲಾಸ್ಟಿಕ್‌ನದು. ಅದು ಸ್ಕೀ ಹಲಗೆಗೆ ಬೈಂಡಿಂಗ್ ಎಂಬ ಕೊಂಡಿಯಿಂದ ಸಿಕ್ಕಿಕೊಳ್ಳುತ್ತದೆ. ಬಿದ್ದಾಗ ಕಾಲು ತಿರುಚಿದರೆ ಕೊಂಡಿ ತಾನಾಗಿ ಬಿಟ್ಟುಕೊಳ್ಳಬೇಕು. ಕುಕ್ಕರ್‌ನ ಸೇಫ್ಟಿ ವಾಲ್ವ್ ಇದ್ದ ಹಾಗೆ ಅದು. ಎಷ್ಟು ಬಲ ಬಿದ್ದಾಗ ಬಿಡಬೇಕು ಎಂಬುದಕ್ಕೆ ಅದರ ಮೇಲೆ ಒಂದು ಸಣ್ಣ ಅಂಕಿಪಟ್ಟಿ ಇರುತ್ತದೆ. ಧರಿಸುವವರ ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ, ಅವರಿಗೆ ಸ್ಕೀ ಎಷ್ಟು ಗೊತ್ತು ಎಂಬುದನ್ನೆಲ್ಲ ನೋಡಿ ಸ್ಕ್ರೂಡ್ರೈವರ್‌ನಿಂದ ಆ ಅಂಕಿ ಹೊಂದಿಸಬೇಕು. ತುಂಬಾ ಬಿಗಿಯಾದರೆ ಕೊಂಡಿ ಬಿಡುವುದಿಲ್ಲ. ಹಲಗೆ ಒಂದು ಕಡೆ, ದೇಹ ಒಂದು ಕಡೆ ತಿರುಗುತ್ತದೆ. ನಡುವೆ ಸಿಕ್ಕಿಕೊಳ್ಳುವುದು ಮೊಣಕಾಲು.

ನಮಗೆ ಸಾಮಾನು ಕೊಟ್ಟ ಬಾಡಿಗೆ ಅಂಗಡಿಯಲ್ಲಿ ಯಾರೂ ನಮ್ಮ ತೂಕ ಕೇಳಲಿಲ್ಲ. ಶೂ ನಂಬರ್ ಕೇಳಿದರು, ಅಷ್ಟೇ. ಅಕ್ಕನ ಮಗನಿಗೆ ಅವನ ನಂಬರಿನ ಬೂಟು ಮುಗಿದಿತ್ತು. ದೊಡ್ಡದು ಕೊಟ್ಟು, ಇನ್ನೊಂದು ಜೊತೆ ಕಾಲುಚೀಲ ಹಾಕಿಕೋ ಎಂದರು. ಬೂಟಿನ ಒಳಗಿನ ಬಟ್ಟೆ ಹಿಂದಿನವರ ಬೆವರಿಗೆ ಒದ್ದೆಯಾಗಿತ್ತು. ನಾಲ್ಕು ಬಕಲ್‌ಗಳಲ್ಲಿ ಒಂದು ಇರಲೇ ಇಲ್ಲ. ಆ ಜಾಗಕ್ಕೆ ಹಳೆಯ ಬ್ಯಾಗಿನ ಪಟ್ಟಿ ಕಟ್ಟಿದ್ದರು. ಬೈಂಡಿಂಗ್ ಮೇಲಿನ ಅಂಕಿ ನೋಡಲು ನಾನು ಬಗ್ಗಿದೆ. ತುಕ್ಕು ಹಿಡಿದು ಅಂಕಿ ಕಾಣುತ್ತಿರಲಿಲ್ಲ. ಹೊಂದಿಸಿ ಕೊಡಿ ಎಂದರೆ ಅಂಗಡಿಯವರು ಅಂಗೈಯಿಂದ ಎರಡು ಸಲ ಗುದ್ದಿ, ಸರಿ ಇದೆ ಎಂದರು. ಹೆಲ್ಮೆಟ್ ಕೇಳಿದೆ. ಪ್ಯಾಕೇಜ್‌ನಲ್ಲಿ ಇಲ್ಲ ಎಂದರು.

ಎರಡು ಗಂಟೆಯ 'ತರಬೇತಿ'ಗೆ ಇಪ್ಪತ್ತಕ್ಕಿಂತ ಜಾಸ್ತಿ ಜನರಿಗೆ ಒಬ್ಬ ಹುಡುಗ. ಅವನು ಕೆಟ್ಟ ತರಬೇತುದಾರ ಅಲ್ಲ. ಮುಂದಿನ ತುದಿಗಳನ್ನು ಹತ್ತಿರ ತಂದು ಪಿಜ್ಜಾ ತುಂಡಿನ ಆಕಾರ ಮಾಡಿದರೆ ವೇಗ ತಗ್ಗುತ್ತದೆ ಎಂದು ತಾಳ್ಮೆಯಿಂದ ತೋರಿಸಿದ. ಒಬ್ಬರನ್ನು ಹಿಡಿಯುವಾಗ ಇನ್ನೊಬ್ಬರು ಜಾರುತ್ತಿದ್ದರು. ನಮ್ಮ ಹುಡುಗ ಜಾರಿದ್ದು ಹಾಗೆಯೇ. ಬಲಗಾಲಿನ ಹಲಗೆ ಒಂದು ಕಲ್ಲಿಗೆ ತಾಗಿ ನಿಂತಿತು, ಅವನು ತಿರುಗಿ ಬಿದ್ದ. ಕೊಂಡಿ ಬಿಡಲಿಲ್ಲ. ಬೂಟು ಬಿಚ್ಚಲು ಆ ತರಬೇತುದಾರ ಹುಡುಗ ಮಂಡಿಯೂರಿ ಕೂತು ಪಟ್ಟಿಯ ಗಂಟನ್ನು ಹಲ್ಲಿನಿಂದ ಎಳೆದ. ಸ್ಟ್ರೆಚರ್ ಇರಲಿಲ್ಲ, ಕಟ್ಟಲು ಪಟ್ಟಿ ಇರಲಿಲ್ಲ, ನೋವಿಗೆ ಒಂದು ಮಾತ್ರೆ ಇರಲಿಲ್ಲ. ನನ್ನ ಶಾಲೆಯ ಕ್ರೀಡಾ ದಿನದ ಡಬ್ಬಿಯಲ್ಲಿ ಇರುವಷ್ಟೂ ಅಲ್ಲಿ ಇರಲಿಲ್ಲ. ನನ್ನ ಶಾಲನ್ನು ಹರಿದು ಸ್ಕೀ ಕೋಲಿಗೆ ಸೇರಿಸಿ ಕಾಲು ಕಟ್ಟಿದೆ. ಬೆಂಗಳೂರಿಗೆ ಬಂದು ಎಂಆರ್‌ಐ ಮಾಡಿಸಿದಾಗ ಮೊಣಕಾಲಿನ ಲಿಗಮೆಂಟ್ ಹರಿದಿತ್ತು. ಶಸ್ತ್ರಚಿಕಿತ್ಸೆ ಆಯಿತು. ಆ ವರ್ಷ ಅವನು ಕಬಡ್ಡಿ ತಂಡಕ್ಕೆ ಆಯ್ಕೆಯಾಗಿದ್ದ.

ಪ್ಯಾಕೇಜ್‌ನಲ್ಲಿ ವಿಮೆ ಸೇರಿದೆ ಎಂದು ನಮಗೆ ಹೇಳಿದ್ದರು. ಕ್ಲೈಮ್ ಹಾಕಿದ ಮೇಲೆ ಗೊತ್ತಾಯಿತು, ಅದು ಸಾಮಾನು ಕಳೆದರೆ, ವಿಮಾನ ತಪ್ಪಿದರೆ ಕೊಡುವ ಪ್ರವಾಸ ವಿಮೆ. ಚಳಿಗಾಲದ ಸಾಹಸ ಕ್ರೀಡೆ ಅದರಲ್ಲಿ ಸೇರಿಲ್ಲ ಎಂದು ಒಳಗಿನ ಪುಟದಲ್ಲಿ ಬರೆದಿತ್ತು. ಆ ಪುಟವನ್ನು ನಮಗೆ ಕೊಟ್ಟಿರಲೇ ಇಲ್ಲ. ಸ್ಕೀ ಪ್ರವಾಸ ಮಾರುವಾಗ ಸ್ಕೀಗೆ ಅನ್ವಯಿಸದ ವಿಮೆಯನ್ನು ಜೊತೆಗೆ ಕೊಡುವುದು ಯಾವ ನ್ಯಾಯ ಸ್ವಾಮಿ?

ಅಲ್ಲಿನ ಜನರ ಬಗ್ಗೆಯೂ ಒಂದೆರಡು ಮಾತು ಹೇಳಬೇಕು. ಏನಾದರೂ ಕೇಳಿದರೆ ನೀವು ಮೊದಲು ಬೆರಳು ತೋರಿಸುವುದು ಅವರ ಕಡೆಗೆ. 'ಲೋಕಲ್ ವೆಂಡರ್ ತಪ್ಪು' ಎಂದು ನಮಗೂ ಹೇಳಿದರು. ಆ ತರಬೇತುದಾರ ಹುಡುಗನನ್ನು ಸಂಜೆ ಜೋಶಿಮಠದ ಆಸ್ಪತ್ರೆಯ ಹೊರಗೆ ಮಾತಾಡಿಸಿದೆ. ವಿಷಯ ಕೇಳಿ ತಾನಾಗಿ ಬಂದಿದ್ದ. ಹಿಮ ಬಿದ್ದ ದಿನಗಳಿಗೆ ಮಾತ್ರ ಅವನಿಗೆ ಕೂಲಿ. ಬೆಂಗಳೂರು, ದೆಹಲಿಯ ಸಂಸ್ಥೆಗಳು ತಲಾ ಲೆಕ್ಕದಲ್ಲಿ ಚೌಕಾಸಿ ಮಾಡಿ ದರ ಇಳಿಸುತ್ತವೆ, ಆಮೇಲೆ ಒಬ್ಬನ ಕೈಗೆ ಇಡೀ ಬಸ್ಸು ಕೊಡುತ್ತವೆ ಎಂದ. ಅವನ ಮನೆಯ ಗೋಡೆಯೂ 2023ರಲ್ಲಿ ಬಿರುಕು ಬಿಟ್ಟಿತ್ತು. ಜೋಶಿಮಠದಲ್ಲಿ ಆಗ 800ಕ್ಕೂ ಹೆಚ್ಚು ಕಟ್ಟಡಗಳಲ್ಲಿ ಬಿರುಕು ಗುರುತಿಸಿದ್ದರು. 2022ರ ಡಿಸೆಂಬರ್ ಕೊನೆಯಿಂದ 12 ದಿನಗಳಲ್ಲಿ ನೆಲ 5.4 ಸೆಂಟಿಮೀಟರ್ ಕುಸಿದಿದೆ ಎಂದು ಇಸ್ರೋದ ಉಪಗ್ರಹ ಚಿತ್ರಗಳು ತೋರಿಸಿದವು. ಹಳೆಯ ಭೂಕುಸಿತದ ಮಣ್ಣಿನ ಮೇಲೆ ಈ ಊರು ನಿಂತಿದೆ, ಭಾರಿ ಕಟ್ಟಡ ಕಟ್ಟಬೇಡಿ ಎಂದು 1976ರಲ್ಲೇ ಸರ್ಕಾರ ನೇಮಿಸಿದ್ದ ಮಿಶ್ರಾ ಸಮಿತಿ ಎಚ್ಚರಿಸಿತ್ತು. ಅಂಥ ಊರಿನ ಜನ ಹಿಮ ನಂಬಿ ಬದುಕುತ್ತಿದ್ದಾರೆ. ಅವರಿಗೆ ಕೊಡಬೇಕಾದ್ದನ್ನು ಕಡಿಮೆ ಮಾಡಿ, ತಪ್ಪಾದಾಗ ಅವರ ಮೇಲೆ ಹಾಕುವುದು ಬೇಡ.

ಆ ಊರು ನಮಗೆ ಹೊರಗಿನದೂ ಅಲ್ಲ. ಜೋಶಿಮಠವೇ ಜ್ಯೋತಿರ್ಮಠ, ನಮ್ಮ ಶೃಂಗೇರಿಯ ಜೊತೆ ಎಣಿಸುವ ಶಂಕರಾಚಾರ್ಯರ ನಾಲ್ಕು ಪೀಠಗಳಲ್ಲಿ ಒಂದು. ಪಕ್ಕದ ಕೇದಾರನಾಥದ ರಾವಲರು, ಅಂದರೆ ಮುಖ್ಯ ಅರ್ಚಕರು, ಕರ್ನಾಟಕದ ವೀರಶೈವ ಪರಂಪರೆಗೆ ಸೇರಿದವರು. ಕನ್ನಡದ ಯಾತ್ರಿಕರು ತಲೆಮಾರುಗಳಿಂದ ಆ ದಾರಿಯಲ್ಲಿ ನಡೆದಿದ್ದಾರೆ. ಈಗ ನಮ್ಮ ಮಕ್ಕಳಿಗೆ ಆ ಬೆಟ್ಟಗಳ ಮೇಲೆ ಸ್ಕೀ ಕಲಿಯುವ ಆಸೆ ಬಂದಿದೆ. ಕೊಡಗಿನ ತೆಕ್ಕಡ ಭವಾನಿ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಖೇಲೋ ಇಂಡಿಯಾ ಪದಕ ಗೆದ್ದಿದ್ದನ್ನು ನಾನೇ ತರಗತಿಯಲ್ಲಿ ಹೇಳಿದ್ದೇನೆ. ಹಿಮವೇ ಇಲ್ಲದ ಕರ್ನಾಟಕದಿಂದ ಒಬ್ಬಳು ಹೋಗಿ ಗೆಲ್ಲುತ್ತಾಳೆ ಎಂದರೆ ಮಕ್ಕಳ ಕಣ್ಣು ಅರಳುತ್ತದೆ. ನಾನು ಈ ಪತ್ರ ಬರೆಯುತ್ತಿರುವುದು ಅವರು ಹೋಗಬಾರದು ಎಂದಲ್ಲ. ಹೋಗಬೇಕು. ಸರಿಯಾಗಿ ಕಲಿತು, ಎರಡೂ ಕಾಲು ನೆಟ್ಟಗೆ ಇಟ್ಟುಕೊಂಡು ವಾಪಸ್ ಬರಬೇಕು.

ನಿಮ್ಮಲ್ಲಿ ಒಳ್ಳೆಯ ಕೆಲಸ ಮಾಡುವವರೂ ಇದ್ದೀರಿ. ನನ್ನ ಸ್ನೇಹಿತೆಯೊಬ್ಬಳು ಬೇರೆ ಸಂಸ್ಥೆಯ ಮೂಲಕ ಗುಲ್ಮಾರ್ಗ್‌ಗೆ ಹೊರಟಿದ್ದಳು. ಹಿಮ ಕಡಿಮೆ ಇದೆ ಎಂದು ಅವರೇ ಮುಂಚೆ ಫೋನ್ ಮಾಡಿ ದಿನಾಂಕ ಮುಂದಕ್ಕೆ ಹಾಕಿಕೊಟ್ಟರು, ವಿಮಾನದ ಟಿಕೆಟ್ ಬದಲಿಸಿದ ಖರ್ಚು ಬಿಟ್ಟು ಬೇರೇನೂ ತೆಗೆದುಕೊಳ್ಳಲಿಲ್ಲ. ಅಂದರೆ ಇದು ಆಗದ ಕೆಲಸವಲ್ಲ.

ಆದ್ದರಿಂದ ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟು. ಬ್ರೋಷರ್ ಅಚ್ಚು ಹಾಕುವ ಮೊದಲು ಯಾವ ಲಿಫ್ಟ್ ಓಡುತ್ತಿದೆ, ಯಾವುದು ನಿಂತಿದೆ ಎಂದು ವಿಚಾರಿಸಿ ಬರೆಯಿರಿ. ನಿಂತಿರುವುದರ ಫೋಟೋ ಹಾಕಬೇಡಿ. ಓಡುತ್ತಿರುವ ಲಿಫ್ಟ್ ಕೂಡ ಗಾಳಿ ಜೋರಾದರೆ ನಿಲ್ಲುತ್ತದೆ ಎಂದು ಮೊದಲೇ ತಿಳಿಸಿ. ಅಲ್ಲಿ ಹೋದ ಮೇಲೆ ಚಾಲೂ ಮಾಡಿ ಎಂದು ಸಿಬ್ಬಂದಿ ಮೇಲೆ ಒತ್ತಡ ಹಾಕಬೇಡಿ. 2017ರ ಜೂನ್‌ನಲ್ಲಿ ಗುಲ್ಮಾರ್ಗ್‌ನಲ್ಲಿ ಬಿರುಗಾಳಿಗೆ ಮರ ಉರುಳಿ ಗೊಂಡೊಲ, ಅಂದರೆ ಅಲ್ಲಿನ ರೋಪ್‌ವೇಯ ಕ್ಯಾಬಿನ್, ಬಿದ್ದು 7 ಜನ ಸತ್ತರು.

ಹೊರಡುವ ಒಂದು ವಾರ ಮುಂಚೆ ಇಳಿಜಾರಿನ ಆ ದಿನದ ಫೋಟೋ, ಹಿಮದ ಆಳ ಎರಡನ್ನೂ ಬುಕ್ ಮಾಡಿದವರಿಗೆ ಕಳಿಸಿ. ಈಗ ಎಲ್ಲರ ಕೈಯಲ್ಲೂ ಫೋನ್ ಇದೆ, ಇದಕ್ಕೆ ಖರ್ಚಿಲ್ಲ. ಸ್ಕೀ ಮಾಡುವಷ್ಟು ಹಿಮ ಇಲ್ಲದಿದ್ದರೆ ದಿನಾಂಕ ಬದಲಿಸುವ ಇಲ್ಲವೇ ಸ್ಕೀ ಭಾಗದ ಹಣ ವಾಪಸ್ ಪಡೆಯುವ ಆಯ್ಕೆ ಗ್ರಾಹಕರಿಗಿರಲಿ. ಅದು ಕರಾರಿನಲ್ಲಿ, ಕನ್ನಡದಲ್ಲಿ, ಓದಲು ಬರುವ ಅಕ್ಷರದಲ್ಲಿ ಇರಲಿ. ಶಾಲೆಗಳಿಗೆ ಡಿಸೆಂಬರ್ ಮಾರುವುದಾದರೆ ಅದನ್ನು ಬೆಟ್ಟ ನೋಡುವ ಪ್ರವಾಸ ಎಂದು ಮಾರಿ.

ಸಾಮಾನು ಮತ್ತು ತರಬೇತಿಯಲ್ಲಿ ಮಾತ್ರ ಯಾವ ರಾಜಿಯೂ ಬೇಡ. ಬುಕಿಂಗ್ ವೇಳೆಯೇ ತೂಕ, ಎತ್ತರ, ವಯಸ್ಸು, ಶೂ ನಂಬರ್ ಬರೆಸಿಕೊಂಡು ಅಂಗಡಿಗೆ ಕಳಿಸಿ. ಬೈಂಡಿಂಗ್ ಹೊಂದಿಸಲು ಬಲ್ಲವರು ಇರುವ ಅಂಗಡಿಯನ್ನೇ ಆರಿಸಿ. ಹೆಲ್ಮೆಟ್ ಪ್ಯಾಕೇಜ್‌ನ ಒಳಗಿರಲಿ. ಹೊಸಬರಾದರೆ ಎಂಟು ಜನರಿಗೆ ಒಬ್ಬ ತರಬೇತುದಾರ, ಮಕ್ಕಳಾದರೆ ಇನ್ನೂ ಕಡಿಮೆ ಜನ. ಇದು ನನ್ನ ಮೈದಾನದ ಅನುಭವದಿಂದ ಹೇಳುವ ಲೆಕ್ಕ. ಅದಕ್ಕೆ ದರ ಜಾಸ್ತಿಯಾದರೆ ಜಾಸ್ತಿ ಕೇಳಿ, ಕೊಡುವವರು ಕೊಡುತ್ತಾರೆ. ಪ್ರತಿ ತಂಡದ ಜೊತೆ ಪ್ರಥಮ ಚಿಕಿತ್ಸೆ ಬಲ್ಲ ಒಬ್ಬರು, ಒಂದು ಸ್ಟ್ರೆಚರ್, ಕೆಳಗಿಳಿಸಲು ನಿಂತಿರುವ ಒಂದು ಗಾಡಿ ಇರಲಿ. ವಿಮೆಯ ಕಾಗದ ಪೂರ್ತಿ ಕೊಡಿ, ಅದರಲ್ಲಿ ಸ್ಕೀಯಿಂಗ್ ಸೇರಿರಲಿ. ಗುರುತಿನ ಆಚೆ ಯಾರನ್ನೂ ಕರೆದುಕೊಂಡು ಹೋಗಬೇಡಿ. ಸಾಹಸ ಪ್ರವಾಸಕ್ಕೆ ತರಬೇತಿ ಪಡೆದ ಮಾರ್ಗದರ್ಶಕರು, ಸರಿಯಾದ ಸಾಮಾನು, ತುರ್ತು ಯೋಜನೆ ಇರಬೇಕು ಎಂದು 2018ರಲ್ಲೇ ರಾಷ್ಟ್ರಮಟ್ಟದ ಮಾರ್ಗಸೂಚಿ ಬಂದಿದೆ. ನಾನು ಹೊಸದೇನನ್ನೂ ಕೇಳುತ್ತಿಲ್ಲ.

ಇವು ಕಾನೂನಿನ ಮಾತೂ ಹೌದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಗ್ರಾಹಕರು ತಾವು ವಾಸಿಸುವ ಊರಿನಲ್ಲೇ ದೂರು ಕೊಡಬಹುದು. ಔಲಿಯಲ್ಲಿ ಆದದ್ದಕ್ಕೆ ಬೆಂಗಳೂರಿನ ಜಿಲ್ಲಾ ಗ್ರಾಹಕ ಆಯೋಗದ ಮುಂದೆ ನಿಲ್ಲಬಹುದು. ದಾರಿ ತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು, ಮತ್ತೆ ಮಾಡಿದರೆ 50 ಲಕ್ಷದವರೆಗೆ. 'ಯಾವ ಕಾರಣಕ್ಕೂ ಹಣ ವಾಪಸ್ ಇಲ್ಲ' ಎಂದು ಕರಾರಿನಲ್ಲಿ ಬರೆದುಬಿಟ್ಟರೆ ಮುಗಿಯಿತು ಎಂದುಕೊಳ್ಳಬೇಡಿ. ಒಂದೇ ಕಡೆಗೆ ಲಾಭವಾಗುವ ಅನ್ಯಾಯದ ಕರಾರನ್ನು ಪ್ರಶ್ನಿಸಲು ಅದೇ ಕಾಯ್ದೆಯಲ್ಲಿ ಅವಕಾಶ ಇದೆ. ನಾವು ದೂರು ಸಲ್ಲಿಸಿದ್ದೇವೆ. ನಮ್ಮ ಥರ ತೊಂದರೆಯಾದವರು ಈ ಪತ್ರ ಓದುತ್ತಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಬ್ರೋಷರ್, ರಸೀದಿ, ವಾಟ್ಸ್‌ಆ್ಯಪ್ ಮೆಸೇಜ್, ಫೋಟೋ ಯಾವುದನ್ನೂ ಅಳಿಸಬೇಡಿ.

ಬೆಂಗಳೂರಿನ ಶಾಲೆಗಳ ಮುಖ್ಯಸ್ಥರಲ್ಲೂ ಒಂದು ವಿನಂತಿ. ಕಡಿಮೆ ದರ ನೋಡಿ ಸಹಿ ಹಾಕಬೇಡಿ. ಲಿಫ್ಟ್ ಸ್ಥಿತಿ, ಹಿಮ ಇಲ್ಲದಿದ್ದರೆ ಏನು, ತರಬೇತುದಾರರ ಸಂಖ್ಯೆ, ವಿಮೆಯ ಪೂರ್ತಿ ಕಾಗದ, ಈ ನಾಲ್ಕನ್ನು ಲಿಖಿತವಾಗಿ ಕೇಳಿ. ಕೊಡದಿದ್ದರೆ ಮಕ್ಕಳನ್ನು ಕಳಿಸಬೇಡಿ. ನಮ್ಮ ಮುಖ್ಯೋಪಾಧ್ಯಾಯರು ಹಾಗೇ ಮಾಡಿದ್ದಾರೆ. ಬ್ರೋಷರ್ ಕೊಟ್ಟುಹೋದ ಸಂಸ್ಥೆಗೆ ನಾಲ್ಕೂ ಪ್ರಶ್ನೆ ಪತ್ರದಲ್ಲಿ ಹೋಗಿವೆ, ತಿಂಗಳ ಕೊನೆಯವರೆಗೆ ಸಮಯ ಕೊಟ್ಟಿದ್ದೇವೆ. ಉಳಿದ ಸಂಸ್ಥೆಗಳಿಂದಲೂ ಇದೇ ನಾಲ್ಕಕ್ಕೆ ಲಿಖಿತ ಉತ್ತರ ಬಯಸುತ್ತೇನೆ. ಬಂದ ಉತ್ತರಗಳನ್ನು ಬಂದ ಹಾಗೆಯೇ, ಒಂದು ಅಕ್ಷರ ಬದಲಿಸದೆ, ನಮ್ಮ ಶಾಲೆಯ ಪೋಷಕರ ಸಭೆಯಲ್ಲಿ ಓದಿ ಹೇಳುತ್ತೇನೆ. ಯಾರ ಜೊತೆ ಮಕ್ಕಳನ್ನು ಕಳಿಸಬೇಕು ಎಂದು ಪೋಷಕರು ತೀರ್ಮಾನಿಸಲಿ.

ಇತಿ ನಿಮ್ಮ ವಿಶ್ವಾಸಿ,
ಬಸವನಗುಡಿಯ ಒಬ್ಬ ದೈಹಿಕ ಶಿಕ್ಷಕಿ
ಬೆಂಗಳೂರು